ತೆಂಗಿನಕಾಯಿಗೆ ಒಂದೇ ಈಡು

ಚುನಾವಣೆಯ ದಿನಾಂಕ ಪ್ರಕಟವಾದ ವಾರ ನಮ್ಮ ದೊಡ್ಡಬೆಳವಂಗಲದ ಪೊಲೀಸ್ ಠಾಣೆಗೆ ಕೋವಿಗಳು ಬರತೊಡಗುತ್ತವೆ. ಹಳೇ ಪಂಚೆಯಲ್ಲೋ ಗೊಬ್ಬರದ ಚೀಲದಲ್ಲೋ ಸುತ್ತಿಸಿಕೊಂಡು, ಮಗನ ಬೈಕಿನ ಹಿಂದೆ ಕೂತ ಅಜ್ಜನ ತೊಡೆಯ ಮೇಲೆ ಮಲಗಿಕೊಂಡು ಬರುತ್ತವೆ. ರೈಟರು ನಂಬರು ನೋಡಿ ಪುಸ್ತಕದಲ್ಲಿ ಬರೆದುಕೊಂಡು ಚೀಟಿ ಕೊಡುತ್ತಾರೆ. ಮತ ಎಣಿಕೆ ಮುಗಿಯುವ ತನಕ ಕೋವಿಗೆ ಅಲ್ಲೇ ವಾಸ. ರಾಗಿ ಹೊಲಕ್ಕೆ ಹಂದಿ ಬೀಳುತ್ತವೆಂದು ಯಾವ ಕಾಲದಲ್ಲೋ ಲೈಸೆನ್ಸ್ ಮಾಡಿಸಿದ ಒಂಟಿನಳಿಗೆಗಳೇ ಅವುಗಳಲ್ಲಿ ಹೆಚ್ಚು. ಒಮ್ಮೆ ಠಾಣೆಯ ಜಗುಲಿಯಲ್ಲಿ ಸರದಿಗಾಗಿ ಕಾಯುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ: ‘ಇದರಲ್ಲಿ ಕೊನೇ ಸಲ ಈಡು ಹೊಡೆದದ್ದು ಯಾವಾಗ ಯಜಮಾನ್ರೇ?’ ಅವರು ನಕ್ಕರು. ‘ನಮ್ಮಪ್ಪ ಹೊಡೀತಿದ್ದ ಸಾಮಿ. ನಂದೇನಿದ್ರೂ ಠಾಣೆಗ್ ತರೋದು, ಠಾಣೆಯಿಂದ ತಗೊಂಡ್ ಹೋಗೋದು, ಅಷ್ಟೇಯ.’

ಆ ಮಾತು ತಲೆಯಲ್ಲಿ ಉಳಿದಿತ್ತು. ಹಳೆಯ ಕೋವಿಗೆ ವರ್ಷಕ್ಕೊಂದು ದಿನವಾದರೂ ಗುರಿ ತೋರಿಸುವ ಜಾಗ ಎಲ್ಲಿದೆ?

ಹೊರದೇಶಗಳಲ್ಲಿ ಹಳೆಯ ಕೋವಿಯಿಂದ ಗುರಿ ಹೊಡೆಯುವುದೇ ಒಂದು ದೊಡ್ಡ ಹವ್ಯಾಸ. ಅಮೆರಿಕದ ಒಹಾಯೊ ರಾಜ್ಯದಲ್ಲಿ, ಈರಿ ಸರೋವರದ ದಡದಲ್ಲಿ ಕ್ಯಾಂಪ್ ಪೆರಿ ಎಂಬ ಸೈನಿಕ ಶಿಬಿರವಿದೆ. 1907ರಿಂದ ಅಲ್ಲಿ ರಾಷ್ಟ್ರಮಟ್ಟದ ರೈಫಲ್ ಪಂದ್ಯಗಳು ನಡೆದುಬಂದಿವೆ. ಈಗ ಅವುಗಳ ಜೊತೆಗೆ ಹಳೆಯ ಸೇನಾ ರೈಫಲ್‌ಗಳಿಗೆಂದೇ ಬೇರೆ ಪಂದ್ಯಗಳಿವೆ. ಎರಡನೇ ಮಹಾಯುದ್ಧದ ಗಾರಂಡ್, ಮೊದಲನೆಯದರ ಸ್ಪ್ರಿಂಗ್‌ಫೀಲ್ಡ್, ಇಂಗ್ಲಿಷರ ಲೀ ಎನ್‌ಫೀಲ್ಡ್, ಜರ್ಮನರ ಮೌಸರ್ ಎಲ್ಲವೂ ಕಪಾಟಿನಿಂದ ಇಳಿದು ಬರುತ್ತವೆ. ಸೈನಿಕನ ಕೈಗೆ ಕೊಟ್ಟಾಗ ರೈಫಲ್ ಹೇಗಿತ್ತೋ ಹಾಗೇ ಇರಬೇಕು ಎಂಬುದು ಅಲ್ಲಿನ ಮುಖ್ಯ ಷರತ್ತು. ದುರ್ಬೀನು ಕೂರಿಸುವಂತಿಲ್ಲ, ಮರದ ಹಿಡಿ ಕೆತ್ತಿ ತನ್ನ ಭುಜಕ್ಕೆ ಒಗ್ಗಿಸಿಕೊಳ್ಳುವಂತಿಲ್ಲ. ಕಬ್ಬಿಣದ ಗುರಿಮೊನೆ, ಚರ್ಮದ ಪಟ್ಟಿ, ಎರಡು ಕಣ್ಣು. ಅಜ್ಜನ ಕೈಲಿ ಅದು ಹೇಗೆ ನಡೆಯಿತೋ ಮೊಮ್ಮಗನ ಕೈಲೂ ಹಾಗೇ ನಡೆಯಬೇಕು.

ಇಂಗ್ಲೆಂಡಿನಲ್ಲಿ ಇಂಥ ಪಂದ್ಯಗಳ ತವರು ಬಿಸ್ಲೆ. ಪಂದ್ಯಗಳು ಅಲ್ಲಿಗೆ ಹೋಗುವ ಮೊದಲು, 1860ರ ಜುಲೈನಲ್ಲಿ, ವಿಂಬಲ್ಡನ್ ಬಯಲಲ್ಲಿ ಮೊದಲ ಕೂಟ ನಡೆದಾಗ ಮೊದಲ ಈಡು ಹೊಡೆದದ್ದು ವಿಕ್ಟೋರಿಯಾ ರಾಣಿ. ಹೊಡೆದದ್ದು ಎಂದರೆ, ವಿಟ್‌ವರ್ತ್ ರೈಫಲನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದು, ಮೊದಲೇ ಗುರಿ ಕೂರಿಸಿಟ್ಟಿದ್ದರು. ರಾಣಿ ಮುಟ್ಟಿದ್ದು ಕೋವಿಯ ಕುದುರೆಗೆ, ಅಂದರೆ ಟ್ರಿಗರಿಗೆ, ಕಟ್ಟಿದ್ದ ರೇಷ್ಮೆ ದಾರವನ್ನು ಮಾತ್ರ. 400 ಗಜ ದೂರದ ಗುರಿಯಲ್ಲಿ ಗುಂಡು ನಟ್ಟನಡುವಿನಿಂದ ಒಂದೂಕಾಲು ಇಂಚು ಆಚೆ ಬಿತ್ತು. ಒಳ್ಳೆಯ ಈಡೇ. ಆದರೆ ಅದನ್ನು ಹೊಡೆದದ್ದು ಸ್ಟ್ಯಾಂಡು ಎನ್ನುವುದು ನನ್ನ ಅಭಿಪ್ರಾಯ.

ನಮ್ಮಲ್ಲಿ ಹಳೆಯ ಕೋವಿಗಳ ಸಂಗ್ರಾಹಕರ ಅಂಥ ಕೂಟ ಕಟ್ಟುವುದು ಸುಲಭವಲ್ಲ. 1959ರ ಶಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದ ಮೇಲೆ ಒಬ್ಬರ ಬಳಿ ಮೂರು ಕೋವಿ ಇರಬಹುದಾಗಿದ್ದದ್ದು ಎರಡಕ್ಕಿಳಿದಿದೆ. ಪಿತ್ರಾರ್ಜಿತವಾಗಿ ಬಂದದ್ದೂ ಆ ಎರಡರ ಲೆಕ್ಕದೊಳಗೇ. ರಿಪೇರಿಯಿಂದಲೂ ಹಾರದಷ್ಟು ಸತ್ತುಹೋದ ಪುರಾತನ ಕೋವಿಗಾದರೆ ಕಾಯ್ದೆಯ ಹಂಗಿಲ್ಲ. ಹಾರುವ ಹಳೆಯದು ಬೇಕೆಂದರೆ ಕಷ್ಟ, ಗೋಡೆಗೆ ತೂಗುಹಾಕುವುದಾದರೆ ಅಡ್ಡಿಯಿಲ್ಲ. ಅದರಲ್ಲೂ ಸೇನೆ ಬಳಸುವ ಅಳತೆಯ ರೈಫಲ್‌ಗಳು ‘ನಿಷೇಧಿತ ಬೋರ್’. ಎಲ್ಲರ ಬಾಯಲ್ಲೂ ‘ತ್ರೀ ನಾಟ್ ತ್ರೀ’ ಆಗಿರುವ .303 ಕೂಡ ಆ ಸಾಲಿನದೇ.

ಈ ತ್ರೀ ನಾಟ್ ತ್ರೀಯನ್ನು ನಾವೆಲ್ಲ ನೋಡಿದ್ದೇವೆ, ನೋಡಿದ್ದು ಗೊತ್ತಿರುವುದಿಲ್ಲ. ಬ್ಯಾಂಕಿನ ಹಣದ ಪೆಟ್ಟಿಗೆಯ ಪಕ್ಕ, ಪರೀಕ್ಷೆಯ ಪ್ರಶ್ನೆಪತ್ರಿಕೆ ಇಟ್ಟ ಖಜಾನೆಯ ಮುಂದೆ, ಸರ್ಕಾರಿ ಗೌರವದ ಅಂತ್ಯಸಂಸ್ಕಾರದ ಕುಶಾಲತೋಪಿನಲ್ಲಿ ಬಹುಕಾಲ ಇದ್ದದ್ದು ಅದೇ. ಇಂಗ್ಲಿಷರ ಸೈನ್ಯಕ್ಕೆಂದು 1907ರಲ್ಲಿ ಈಗಿನ ರೂಪ ಪಡೆದ ಈ ಲೀ ಎನ್‌ಫೀಲ್ಡ್, ಕೋಲ್ಕತ್ತದ ಉತ್ತರಕ್ಕೆ ಹೂಗ್ಲಿ ದಡದ ಇಚ್ಛಾಪುರದ ಕಾರ್ಖಾನೆಯಲ್ಲೂ ತಯಾರಾಯಿತು. ತೂಕ ಸುಮಾರು 4 ಕಿಲೋ, ಹೊಟ್ಟೆಯಲ್ಲಿ 10 ತೋಟೆ. ಬೋಲ್ಟನ್ನು ಹಿಂಬದಿಯಲ್ಲಿ ಕಚ್ಚಿಸಿರುವುದರಿಂದ ಅದನ್ನು ತಿರುಗಿಸಿ ಎಳೆಯುವ ದಾರಿ ಗಿಡ್ಡ. ಪಳಗಿದ ಸೈನಿಕ ಕೆನ್ನೆಯನ್ನು ಹಿಡಿಯಿಂದ ಎತ್ತದೆಯೇ ಒಂದರ ಹಿಂದೊಂದು ಈಡು ಹೊಡೆಯಬಲ್ಲ. 300 ಗಜ ದೂರದ ಗುರಿಗೆ ನಿಮಿಷಕ್ಕೆ 15 ಈಡು ಆಗಿನ ಸೈನ್ಯದ ಪರೀಕ್ಷೆ. ಕುಶಲತೆ ಎಂದು ಮೆಚ್ಚಿಕೊಳ್ಳುವ ಹೊತ್ತಿಗೇ ನೆನಪಾಗುವುದು 1919ರ ಜಲಿಯನ್‌ವಾಲಾ ಬಾಗ್. ಅಲ್ಲಿ ಹಾರಿದ 1650 ಸುತ್ತುಗಳೂ .303ಗಳೇ. ಹಳೆಯ ಕೋವಿಯನ್ನು ಬರೀ ಸೊಗಸಿನ ವಸ್ತುವಾಗಿ ನೋಡುವುದು ನನ್ನಿಂದಾಗದು. ಅದರ ನಳಿಗೆಯ ಒಳಗೆ ಯಾವುದೋ ಊರಿನ ಕೇಡಿರುತ್ತದೆ.

ಕದ್ದ ಸೈನ್ಯದ ತೋಟೆ ಯಾರ ಕೋವಿಗೂ ಹೊಂದಬಾರದೆಂದು ಇಂಗ್ಲಿಷರು ಜನಸಾಮಾನ್ಯರಿಗೆ .303 ಅಳತೆಯನ್ನೇ ನಿಷೇಧಿಸಿದರು. ಆಗ ಕೋವಿ ವ್ಯಾಪಾರಿಗಳು ಕೈಕಟ್ಟಿ ಕೂರಲಿಲ್ಲ. ಆಸ್ಟ್ರಿಯಾ-ಹಂಗೆರಿ ಸೈನ್ಯದ ಹಳೇ ತೋಟೆಯೊಂದನ್ನು ಹುಡುಕಿ ತಂದು, ಅದಕ್ಕೆ .315 ಎಂದು ಹೆಸರಿಟ್ಟು, ಲೀ ಎನ್‌ಫೀಲ್ಡಿನ ಮೈಗೇ ಕೂರಿಸಿದರು. ಇಚ್ಛಾಪುರದಲ್ಲಿ ತಯಾರಾಗಿ ಲೈಸೆನ್ಸ್‌ದಾರರಿಗೆ ಸಿಗುವ .315 ಸ್ಪೋರ್ಟಿಂಗ್ ರೈಫಲ್ ಆ ವಂಶದ್ದೇ. ನಮ್ಮ ದೇಶದ ರೈತನೊಬ್ಬ ಹಂದಿ ಓಡಿಸಲು ಹಿಡಿದ ರೈಫಲಿನ ಬೋಲ್ಟು ಎಳೆದಾಗ ಕೈಗೆ ತಾಗುವುದು ಮೊದಲ ಮಹಾಯುದ್ಧದ ಕಂದಕದಲ್ಲಿದ್ದ ಸಿಪಾಯಿಯ ಕೈಗೆ ತಾಗಿದ ಬೋಲ್ಟೇ. ಇತ್ತ ಪೊಲೀಸರ ಕೈಯಿಂದ .303 ನಿಧಾನವಾಗಿ ಜಾರುತ್ತಿದೆ. ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪರೇಡಿನಲ್ಲಿ ಅದಕ್ಕೆ ವಿದಾಯವನ್ನೇ ಹೇಳಿದರು.

ಹಾಗಾದರೆ ಕರ್ನಾಟಕದಲ್ಲಿ ಹಳೆಯ ಕೋವಿಗೆ ಪಂದ್ಯ ಇಲ್ಲವೇ? ಇದೆ. ಅದಕ್ಕೆ ಕೊಡಗಿಗೆ ಹೋಗಬೇಕು. ಅಲ್ಲಿ ಗುರಿಗೆ ಕಾಗದದ ಹಾಳೆಯಿಲ್ಲ, ತೆಂಗಿನಕಾಯಿ.

ಸೆಪ್ಟೆಂಬರ್ 3ರ ಹೊತ್ತಿಗೆ ಬರುವ ಕೈಲ್ ಪೊಳ್ದ್ ಕೊಡವರ ಆಯುಧಗಳ ಹಬ್ಬ. ಗದ್ದೆಯ ನಾಟಿ ಮುಗಿದಿರುತ್ತದೆ, ಮಳೆ ಸ್ವಲ್ಪ ಹಿಂಜರಿದಿರುತ್ತದೆ. ನಾಟಿಯ ದಿನಗಳಲ್ಲಿ ಬದಿಗಿಟ್ಟಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಹೊರತೆಗೆದು ಉಜ್ಜಿ, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ಸಾಲಾಗಿ ನಿಲ್ಲಿಸಿ ಪೂಜಿಸುತ್ತಾರೆ. ಕೋವಿಯ ನಳಿಗೆಗೆ ಸಿಕ್ಕಿಸುವುದು ಕೆಂಪು-ಹಳದಿ ದಳ ಮೇಲಕ್ಕೆ ಚಾಚಿದ, ನಾವು ಗೌರಿ ಹೂ ಎನ್ನುವ ಹೂವು. ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಅದರ ಹೆಸರೇ ‘ತೋಕ್ ಪೂ’, ಕೋವಿ ಹೂ. ಕಡುಂಬುಟ್ಟು, ಪಂದಿ ಕರಿ ಊಟ ಆದ ಮೇಲೆ ಊರವರೆಲ್ಲ ಊರ ಬಯಲಾದ ಮಂದ್‌ನಲ್ಲೋ ಮೈದಾನದಲ್ಲೋ ಸೇರುತ್ತಾರೆ. ಆಮೇಲಿನದು ಪಂದ್ಯ.

ನಾನು ನೋಡಿದ ಪಂದ್ಯದಲ್ಲಿ ಎತ್ತರದ ಮರದ ಕೊಂಬೆಗೆ ಕಾಯಿಯನ್ನು ಹಗ್ಗದಲ್ಲಿ ಏರಿಸಿದ್ದರು. ಕೆಳಗಿನಿಂದ ಅದು ಮುಷ್ಟಿಗಾತ್ರವೂ ಕಾಣದು. ಗಾಳಿ ಬೀಸಿದರೆ ತೂಗುತ್ತದೆ, ಮಂಜು ಬಂದರೆ ಮಾಯವಾಗುತ್ತದೆ. ಒಂದು ಕಡೆ 12 ಬೋರಿನ ತೋಟೆಕೋವಿಗಳ ಸಾಲು, ಇನ್ನೊಂದು ಕಡೆ .22 ರೈಫಲ್‌ಗಳದ್ದು. ಎರಡೂ ಬೇರೆ ಬೇರೆ ವಿದ್ಯೆ. ತೋಟೆಕೋವಿಯಿಂದ ಚರೆ ಹರಡಿಕೊಂಡು ಹೋಗುತ್ತದೆ, ತಾಗುವುದು ಸುಲಭ, ಆದರೆ ಎತ್ತರಕ್ಕೆ ಹೋದಷ್ಟೂ ಚರೆಯ ಕಸುವು ಇಳಿದು ಕಾಯಿ ಒಡೆಯುವುದೇ ಕಷ್ಟ. .22ರ ಗುಂಡು ಕಡಲೆಬೀಜಕ್ಕಿಂತ ಸಣ್ಣದು, ತಾಗಿದರೂ ಒಂದು ತೂತು. ಕಾಯಿ ಅಲುಗದೆ ಹಾಗೇ ತೂಗುತ್ತಿರುತ್ತದೆ. ‘ತಾಗಿದೆ’, ‘ಇಲ್ಲ’ ಎಂದು ಕೆಳಗೆ ವಾದ ಶುರು. ಅಷ್ಟರಲ್ಲಿ ತೂತಿನಿಂದ ಎಳನೀರಿನ ಗೆರೆಯೊಂದು ಬೆಳಕಿಗೆ ಮಿಂಚುತ್ತಾ ಇಳಿಯುತ್ತದೆ. ಆ ಗೆರೆಗಿಂತ ದೊಡ್ಡ ತೀರ್ಪುಗಾರ ಬೇಕಿಲ್ಲ.

ನನ್ನ ಪಕ್ಕ ನಿಂತಿದ್ದ ಹಿರಿಯರ ಜೋಡುನಳಿಗೆಯ ಹಿಡಿ, ಮೂರು ತಲೆಮಾರಿನ ಕೆನ್ನೆ ಒರೆಸಿ ಒರೆಸಿ, ದೇವರಮನೆಯ ಮಣೆಯ ಹಾಗೆ ನುಣುಪಾಗಿತ್ತು. ‘ಇದರ ಎಡ ನಳಿಗೆ ಒಂದು ಬೆರಳು ಮೇಲಕ್ಕೆ ಹೊಡೀತದೆ. ನಮ್ಮ ತಂದೆ ಹೇಳಿಕೊಟ್ಟದ್ದು’ ಎಂದರು. ಸಂಗ್ರಾಹಕನಿಗೆ ಅಂಥ ಕೋವಿಯ ತಯಾರಿಕೆಯ ವರ್ಷ ಗೊತ್ತಿರುತ್ತದೆ, ಕಾರ್ಖಾನೆಯ ಮುದ್ರೆ ಗೊತ್ತಿರುತ್ತದೆ. ಎಡ ನಳಿಗೆಯ ಬೆರಳಷ್ಟು ಮೇಲು ಗೊತ್ತಾಗಬೇಕಾದರೆ ಅದು ಮನೆಯಲ್ಲೇ ಹಳತಾಗಬೇಕು. ತೇಜಸ್ವಿಯವರನ್ನು ಓದಿದವರಿಗೆ ಮಲೆನಾಡಿನ ಕೇಪಿನ ಕೋವಿಗಳ ಹಟಮಾರಿತನ ಹೊಸದಲ್ಲ. ಪ್ರತಿ ಹಳೇ ಕೋವಿಗೂ ಒಂದು ಚಾಳಿ ಇದ್ದೇ ಇರುತ್ತದೆ, ಪಂದ್ಯ ಗೆಲ್ಲುವವನು ಅದನ್ನು ಲೆಕ್ಕ ಹಿಡಿದವನು. ಕಾಲಿನ ಅಗಲ, ಅರ್ಧ ಬಿಟ್ಟು ಹಿಡಿದ ಉಸಿರು, ಕುದುರೆಯನ್ನು ಕೀಳದೆ ಹಿಂಡುವ ಬೆರಳು ಇವೆಲ್ಲ ಆಮೇಲೆ.

ಕೊಡಗಿನಲ್ಲಿ ಕೋವಿ ಮನೆಯ ವ್ಯವಹಾರದಲ್ಲೆಲ್ಲ ಬರುತ್ತದೆ. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಕಣಿವೆಯ ಆಚೆಯ ಐನ್‌ಮನೆಯವರು (ಕುಲದ ಹಿರಿಮನೆಯವರು) ಸದ್ದು ಎಣಿಸಿ ಸುದ್ದಿ ತಿಳಿಯುತ್ತಿದ್ದ ಕಾಲದ ಟೆಲಿಗ್ರಾಂ ಇದು. (ಹೆಣ್ಣುಮಗುವಿಗೂ ಒಂದು ಈಡು ಹಾರಿಸಿದ್ದರೆ ಮದ್ದೇನೂ ಮುಗಿದುಹೋಗುತ್ತಿರಲಿಲ್ಲ. ಈಗ ತೆಂಗಿನಕಾಯಿ ಪಂದ್ಯಕ್ಕೆ ಹೆಣ್ಣುಮಕ್ಕಳೂ ನಿಲ್ಲುತ್ತಾರೆ, ಕಾಯಿಯನ್ನೂ ಒಡೆಯುತ್ತಾರೆ.) ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಈಡು ಹಾರುತ್ತದೆ.

ಈ ನಂಟಿಗೆ ಕಾನೂನಿನ ಬೇರೂ ಇದೆ. ಕೊಡಗಿನಲ್ಲಿ ರಾಜರ ಕಾಲದಿಂದ ಜಮ್ಮಾ ಎಂಬ ವಂಶಪಾರಂಪರ್ಯದ ಭೂಹಿಡುವಳಿಯಿತ್ತು. ಕರೆದಾಗ ಆಯುಧ ಹಿಡಿದು ಬರಬೇಕು, ಅದಕ್ಕೆ ಬದಲಾಗಿ ಭೂಮಿಗೆ ಅರ್ಧ ಕಂದಾಯ. 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿತು. 1857ರ ದಂಗೆಯ ನಂತರ ದೇಶದ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾನೂನು ಬಂದಾಗ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟರು. ಬೆಂಗಳೂರು ಕಡೆಯವರಾದ ನಮಗೆ ಪಾರ್ಕಿನ ಹೆಸರಲ್ಲಿ ಪರಿಚಿತರಾದ ಅದೇ ಕಬ್ಬನ್. ಸ್ವಾತಂತ್ರ್ಯ ಬಂದ ಮೇಲೂ, 1959ರ ಕಾಯ್ದೆಯಡಿ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನ ವಿನಾಯಿತಿ ಮುಂದುವರಿಯಿತು. ಜಮ್ಮಾದವರಲ್ಲಿ ಅರೆಭಾಷೆ ಗೌಡರೂ ಸೇರಿ ಬೇರೆ ಸಮುದಾಯಗಳವರಿದ್ದಾರೆ, ಹೊರಗಿನವರು ಇದನ್ನು ಮರೆಯುತ್ತಾರೆ. ಇದು ಸಮಾನತೆಗೆ ವಿರುದ್ಧವೆಂದು ನಿವೃತ್ತ ಸೇನಾಧಿಕಾರಿಯೊಬ್ಬರು ಹೈಕೋರ್ಟಿಗೆ ಹೋದರು. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಈಗಿನ ಅಧಿಸೂಚನೆಯ ಪ್ರಕಾರ ಅದು 2029ರ ಅಕ್ಟೋಬರ್ ವರೆಗೆ. ಪ್ರತಿ ಡಿಸೆಂಬರ್ 18ರಂದು ಕೊಡವ ನ್ಯಾಷನಲ್ ಕೌನ್ಸಿಲ್ ‘ತೋಕ್ ನಮ್ಮೆ’ ಎಂಬ ಕೋವಿ ಹಬ್ಬ ಮಾಡಿ ಆ ಹಕ್ಕನ್ನು ನೆನಪಿಸುತ್ತದೆ. ಅಲ್ಲೂ ಪೂಜೆಯ ನಂತರ ಗುರಿಯ ಸ್ಪರ್ಧೆ ಇದ್ದೇ ಇದೆ.

ಅರ್ಜಿ ಹಾಕಿದವರ ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ ಎಂದೇ ನನಗನಿಸುತ್ತದೆ. ಹುಟ್ಟಿನಿಂದ ಬಂದ ವಿನಾಯಿತಿ ಎಂದರೆ ನಮ್ಮ ಕಡೆಯ ರೈತನಿಗೆ ಕೊಂಚ ಹೊಟ್ಟೆಯುರಿ ಆದೀತು. ಆದರೆ ಮೈದಾನದಲ್ಲಿ ನಿಂತು ನೋಡಿದಾಗ ಕಂಡದ್ದು ಬೇರೆ. ಕೋವಿ ತಂದವರಲ್ಲಿ ಒಬ್ಬರೂ ನಳಿಗೆಯನ್ನು ಜನರ ಕಡೆ ತಿರುಗಿಸಲಿಲ್ಲ. ಸರದಿ ಬರುವ ತನಕ ಜೋಡುನಳಿಗೆಗಳೆಲ್ಲ ಮಧ್ಯಕ್ಕೆ ಮುರಿದು, ಖಾಲಿ ಹೊಟ್ಟೆ ತೋರಿಸಿಕೊಂಡೇ ತೋಳಮೇಲೆ ಮಲಗಿದ್ದವು. ಹತ್ತು ವರ್ಷದ ಹುಡುಗನೊಬ್ಬ ಅಜ್ಜನ ಕೋವಿ ಮುಟ್ಟಲು ಹೋಗಿ ಗದರಿಸಿಕೊಂಡ. ಈ ಶಿಸ್ತನ್ನು ಯಾವ ಲೈಸೆನ್ಸಿನ ಅರ್ಜಿಯೂ ಕಲಿಸುವುದಿಲ್ಲ.

ಉಳಿದ ಕನ್ನಡಿಗರಿಗೆ ರೈಫಲ್ ಎಂದರೆ ಹೆಚ್ಚೆಂದರೆ ಎನ್‌ಸಿಸಿ ಕ್ಯಾಂಪು. ನನಗೂ ಅಷ್ಟೇ. .303ರ ಅಣ್ಣತಮ್ಮನಂತೆ ಕಾಣುವ .22 ರೈಫಲ್, ಹೊಟ್ಟೆಯಡಿ ಹಾಸಿದ ಗೋಣಿ, ಐದೇ ಐದು ತೋಟೆ. ಹವಾಲ್ದಾರರು ಹಿಂದಿಯಲ್ಲಿ ಉಸಿರು ಹಿಡಿ ಎಂದಾಗ ನಾನು ಕಣ್ಣನ್ನೇ ಮುಚ್ಚಿಬಿಟ್ಟಿದ್ದೆ. ನನ್ನ ಹಾಳೆಯಲ್ಲಿ ಒಂದೂ ತೂತಿರಲಿಲ್ಲ, ಪಕ್ಕದವನದರಲ್ಲಿ ಆರಿದ್ದವು.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ಸನ್ನಿಸೈಡ್ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಯುದ್ಧಕಾಲದ ಆಯುಧಗಳನ್ನೂ ನೋಡಬಹುದು. ಚೊಕ್ಕಟವಾಗಿ ಇಟ್ಟಿದ್ದಾರೆ. ಅಲ್ಲಿಂದ ಪಂದ್ಯಕ್ಕೆ ಹೋದದ್ದರಿಂದಲೋ ಏನೋ, ಮೈದಾನದ ಕೋವಿಗಳ ಗೀರು, ಎಣ್ಣೆಯ ಜಿಡ್ಡು, ಸುಟ್ಟ ಮದ್ದಿನ ವಾಸನೆ ಹೆಚ್ಚು ಎದ್ದುಕಂಡವು.

ಆ ದಿನ ಎಡ ನಳಿಗೆಯ ಹಿರಿಯರ ಸರದಿ ಬಂದಾಗ ಮಂಜು ಕವಿದಿತ್ತು. ಕಾಯಿ ಕಾಣುವ ತನಕ ಕಾದರು. ಹೊಡೆದದ್ದು ಬಲ ನಳಿಗೆಯಲ್ಲಿ. ಸದ್ದು ತೋಟದ ಆಚೆಯ ಗುಡ್ಡಕ್ಕೆ ಬಡಿದು ಹಿಂದಿರುಗುವಷ್ಟರಲ್ಲಿ ಕಾಯಿ ಎರಡು ಹೋಳಾಗಿ ಬಿತ್ತು. ಮಕ್ಕಳು ಓಡಿದರು. ಖಾಲಿ ತೋಟೆ ತೆಗೆಯುತ್ತಾ ಹಿರಿಯರು ಕೂಗಿ ಹೇಳಿದರು: ‘ನೋಡಿ ತಿನ್ನಿ ಮಕ್ಕಳೇ, ಚರೆ ಇರ್ತದೆ!’