ನನ್ನ ಕೆರ ಎಲ್ಲಿ?

ಹಾಸ್ಟೆಲ್‌ಗೆ ಬಂದ ಹೊಸದರಲ್ಲಿ ಹೀಗೆ ಕೇಳಿದ್ದಕ್ಕೆ ಇಡೀ ರೂಮು ನಕ್ಕಿತ್ತು. ಅವರಿಗೆ 'ಕೆರ' ಬೈಗುಳ. ನಮ್ಮಜ್ಜಿಗೆ ದಿನಬಳಕೆಯ ಮಾತು. ಅಂದಿನಿಂದ ನಾನೂ 'ಚಪ್ಪಲಿ' ಎನ್ನತೊಡಗಿದೆ. ಊರಿಗೆ ಹೋದಾಗಲೂ ಬಾಯಿಗೆ ಅದೇ ಬರುತ್ತಿತ್ತು, ಅಜ್ಜಿ ಮುಖ ನೋಡುತ್ತಿದ್ದಳು.

ಈಚೆಗೆ ಲೈಬ್ರರಿಯಲ್ಲಿ ನಿಘಂಟು ತೆರೆದೆ. ಹಳಗನ್ನಡದಲ್ಲಿ ಇದು 'ಕೆರ್ಪು'. ತಮಿಳಿನ 'ಚೆರುಪ್ಪು', ತೆಲುಗಿನ 'ಚೆಪ್ಪು' ಇದರ ಒಡಹುಟ್ಟುಗಳು. ಇ, ಎ ಸ್ವರ ಹತ್ತಿದ ಮೂಲದ 'ಕ' ಆ ಭಾಷೆಗಳಲ್ಲಿ 'ಚ' ಆಯಿತು. ಕನ್ನಡದಲ್ಲಿ ಹಾಗೇ ಉಳಿಯಿತು. ನಮ್ಮ 'ಕಿವಿ' ಅವರಿಗೆ 'ಚೆವಿ' ಆದದ್ದೂ ಹೀಗೆಯೇ. ನಕ್ಕವರಿಗಿಂತ ಅಜ್ಜಿಯ ಉಚ್ಚಾರವೇ ಹಳೆಯದು!

ಅವತ್ತು ಜೋರಾಗಿ ನಕ್ಕಿದ್ದ ಚೆನ್ನೈ ಗೆಳೆಯನಿಗೆ ಇದನ್ನೆಲ್ಲ ವಿವರಿಸಿದೆ. ಈಗ ಬೆಳಿಗ್ಗೆ ಬಾಗಿಲಲ್ಲಿ ನಿಂತು ಅವನೇ ಕೂಗುತ್ತಾನೆ: 'ಮಚ್ಚಾ, ನನ್ನ ಕೆರ ಎಲ್ಲಿ?'