ಕೋಡಿಯ ಮಠದ ನೆಲದಲ್ಲಿ ಒಂದು ಹಗಲು

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯವರಾದ ನಮಗೆ ಪ್ರಾಚೀನ ಶಿಲಾದೇಗುಲವೆಂದೊಡನೆ ನೆನಪಿಗೆ ಬರುವುದು ಅಮೃತಾಪುರ. ವೀರಬಲ್ಲಾಳನ ದಂಡನಾಯಕನಾದ ಅಮಿತಯ್ಯನು 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯಕ್ಕೆ ನಾನು ವಿದ್ಯಾರ್ಥಿಗಳನ್ನು ಕರೆದೊಯ್ಯುವ ಪರಿಪಾಠವನ್ನು ಇಟ್ಟುಕೊಂಡಿದ್ದೇನೆ. ಅಲ್ಲಿಯ ಶಾಸನದ ಪದ್ಯಗಳು ಕವಿ ಜನ್ನನವು. ‘ಯಶೋಧರ ಚರಿತೆ’ಯ ಕರ್ತೃವಿನ ಪದ್ಯವನ್ನು ಕಲ್ಲಿನ ಮೇಲೆಯೇ ಓದುವ ಭಾಗ್ಯ ನಮ್ಮ ತಾಲ್ಲೂಕಿನದು! ಒಮ್ಮೆ ಹೀಗೆ ಹೋದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ, “ಗುರುಗಳೇ, ದೇವರ ಮನೆ ಉಳಿದಿದೆ, ಆ ಕಾಲದಲ್ಲಿ ಓದುತ್ತಿದ್ದವರ ಮನೆ ಎಲ್ಲಿದೆ?” ಎಂದು ಕೇಳಿದನು. ನಲವತ್ತು ವರ್ಷಗಳಿಂದ ಶಾಸನಗಳನ್ನು ಓದುತ್ತ ಬಂದ ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯೇ ನನ್ನನ್ನು ಬಳ್ಳಿಗಾವೆಗೆ ಎಳೆದೊಯ್ದಿತು.

ಕಡೂರಿನಲ್ಲಿ ರೈಲು ಹತ್ತಿ, ಬೀರೂರು, ತರೀಕೆರೆ, ಭದ್ರಾವತಿಗಳನ್ನು ದಾಟಿ ಶಿವಮೊಗ್ಗೆಯಲ್ಲಿಳಿದು, ಅಲ್ಲಿಂದ ಮೋಟಾರಿನಲ್ಲಿ ಶಿಕಾರಿಪುರದ ಮಾರ್ಗವಾಗಿ ಹೋದೆ. ಪ್ರಯಾಣದ ಕಷ್ಟವನ್ನು ವಿಸ್ತರಿಸುವುದಿಲ್ಲ. ಶಿರಾಳಕೊಪ್ಪದ ಸಮೀಪದ ಈ ಗ್ರಾಮವು ಒಂದು ಕಾಲಕ್ಕೆ ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿತ್ತೆಂಬುದನ್ನು ಇಂದಿನ ಗದ್ದೆಬದುಗಳನ್ನು ನೋಡಿದವರು ನಂಬಲಾರರು. ಕೆರೆಯ ಅಂಚಿನಲ್ಲಿ ಕೇದಾರೇಶ್ವರನ ತ್ರಿಕೂಟಾಲಯವಿದೆ. ಇದಕ್ಕೆ ಸೇರಿದ್ದುದೇ ಕಾಳಾಮುಖ ಯತಿಗಳ ಪ್ರಸಿದ್ಧವಾದ ಕೋಡಿಯ ಮಠ. ‘ಕೋಡಿ’ ಎಂದರೆ ಕೆರೆ ತುಂಬಿದಾಗ ನೀರು ಹೊರಬೀಳುವ ಸ್ಥಳ. ಮಠಕ್ಕೆ ನೆಲದ ಹೆಸರೇ ಹೆಸರಾಯಿತು.

ಮಠದ ವೈಭವವನ್ನು ತಿಳಿಯಬೇಕಾದರೆ 1162ರ ಶಾಸನಕ್ಕೆ ಹೋಗಬೇಕು. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ, ಶಿಕಾರಿಪುರದ 102ನೆಯ ಶಾಸನ ಇದು. ಕಳಚುರಿ ಬಿಜ್ಜಳನ ಕಾಲ. ವಾಮಶಕ್ತಿ ಪಂಡಿತರು ಆಚಾರ್ಯರು. ಅವರಿಗೆ ಮೊದಲು ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ ಎಂಬ ಪೀಳಿಗೆ. ಶಾಸನವು ಹೇಳುವುದಿಷ್ಟು: ಅಲ್ಲಿ ನಾಲ್ಕು ವೇದಗಳೂ ವೇದಾಂಗಗಳೂ ಪಠನವಾಗುತ್ತಿದ್ದುವು. ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳಿಗೆ ವ್ಯಾಖ್ಯಾನ ನಡೆಯುತ್ತಿತ್ತು. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧದರ್ಶನಕ್ಕೂ ಅಲ್ಲಿ ಎಡೆಯಿತ್ತು. ಲಾಕುಳ ಸಿದ್ಧಾಂತ, ಪಾತಂಜಲ ಯೋಗ, ಅಷ್ಟಾದಶ ಪುರಾಣ, ಕಾವ್ಯ, ನಾಟಕ ಯಾವುದಕ್ಕೂ ಕೊರತೆಯಿರಲಿಲ್ಲ. ಶೈವಯತಿಗಳ ಮಠದಲ್ಲಿ ಜೈನರ ಶಾಕಟಾಯನವೂ ಬೌದ್ಧರ ತರ್ಕವೂ ಪಾಠವಾಗುತ್ತಿದ್ದುದನ್ನು ವ್ಯಾಕರಣದ ವಿದ್ಯಾರ್ಥಿಯಾದ ನಾನು ಎಷ್ಟು ಸಲ ಓದಿದರೂ ತಣಿಯೆ. ಪರಮತದ ಗ್ರಂಥವನ್ನು ಮುಟ್ಟದೆಯೇ ಖಂಡಿಸುವ ಇಂದಿನ ಪಂಡಿತರು (ನಾನೂ ಅವರಲ್ಲಿ ಒಬ್ಬನಾಗಿದ್ದೆ) ಗಮನಿಸಬೇಕಾದ ಸಂಗತಿ ಇದು.

ವಿದ್ಯೆಗೇ ಶಾಸನ ನಿಲ್ಲುವುದಿಲ್ಲ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಗಾಯಕರು, ನಟರು ಇವರಿಗೆಲ್ಲ ಅನ್ನ; ಕ್ಷಪಣಕರಿಗೂ ಏಕದಂಡಿ ತ್ರಿದಂಡಿಗಳಿಗೂ ಅನ್ನ; ರೋಗಿಗಳಿಗೆ ಔಷಧ; ಸಕಲ ಪ್ರಾಣಿಗಳಿಗೂ ಅಭಯ. ದಾನ ಬಂದ ಗ್ರಾಮಗಳ ಹುಟ್ಟುವಳಿಯಿಂದ ಇದೆಲ್ಲ ಸಾಗಬೇಕಾಗಿತ್ತು. ರಾಜ್ಯಗಳು ಅಳಿದು ಹುಟ್ಟುವಳಿ ಕೈತಪ್ಪಿದ ಮೇಲೆ ಓದುವವರೂ ಉಣ್ಣುವವರೂ ಚದುರಿದರೆಂದು ಊಹಿಸುವುದು ಕಷ್ಟವಲ್ಲ.

ಹಗಲೆಲ್ಲ ಸುತ್ತಿದೆ. ಗುಡಿ ಇದೆ, ಶಾಸನಗಳಿವೆ. ಮಠದ ಪಾಠಶಾಲೆಯಾಗಲಿ ಅಡಿಗೆಮನೆಯಾಗಲಿ ಕಾಣಿಸಲಿಲ್ಲ. ದೇವರಿಗೆ ಕಲ್ಲನ್ನು ಕೊಟ್ಟ ನಮ್ಮ ಪೂರ್ವಿಕರು ತಮಗೆ ಮಣ್ಣು, ಮರ, ಹುಲ್ಲುಗಳನ್ನು ಇಟ್ಟುಕೊಂಡಿರಬೇಕು. ಇದು ನಮ್ಮ ನಾಡಿಗೆ ಮಾತ್ರ ಸೇರಿದ ಮಾತಲ್ಲ. ಐರ್ಲೆಂಡ್ ದ್ವೀಪದಲ್ಲಿ ಶಾನನ್ ನದಿಯ ದಡದ ಕ್ಲಾನ್‌ಮಕ್‌ನಾಯ್ಸ್ ಎಂಬಲ್ಲಿ ಕೀರನ್ ಎಂಬ ಯತಿಯು ಕ್ರಿ. ಶ. ಆರನೆಯ ಶತಮಾನದಲ್ಲಿ ಸ್ಥಾಪಿಸಿದ ಕ್ರೈಸ್ತಮಠವು ವಿದ್ಯಾಕೇಂದ್ರವಾಗಿ ಹೆಸರಾಗಿತ್ತು. 1552ರಲ್ಲಿ ಇಂಗ್ಲಿಷರ ಸೇನೆಯು ಅದನ್ನು ಸೂರೆಮಾಡಿತು. ಇಂದು ಅಲ್ಲಿಗೆ ಹೋದವರಿಗೆ ಕಾಣುವುದು ಕಲ್ಲಿನ ಇಗರ್ಜಿಗಳು, 1124ರಲ್ಲಿ ಮುಗಿದ ದುಂಡುಗೋಪುರ, ಚಿತ್ರಗಳನ್ನು ಕೆತ್ತಿದ ಎತ್ತರದ ಶಿಲುಬೆಗಳು. ಯತಿಗಳು ಕುಳಿತು ಬರೆದ, ಮಲಗಿ ಎದ್ದ ಮರದ ಗುಡಿಸಲುಗಳು ಅಲ್ಲಿಯೂ ಇಲ್ಲ.

ಕಾಳಾಮುಖ ಮಠಗಳಿಗೂ ಮುಂದಿನ ವೀರಶೈವ ಮಠಗಳಿಗೂ ಇರುವ ಸಂಬಂಧದ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆ ವಾದಕ್ಕೆ ಈ ಲೇಖನದಲ್ಲಿ ಕೈಹಾಕುವುದಿಲ್ಲ. ಆದರೆ ಮಠದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಶಬ್ದಮಣಿದರ್ಪಣವನ್ನು ಕಂಠಸ್ಥ ಮಾಡಿದ ನನಗೆ, ಅನ್ನ ಮತ್ತು ಅಕ್ಷರ ಎರಡನ್ನೂ ಒಂದೇ ಕಲ್ಲಿನಲ್ಲಿ ಬರೆಸಿದ ಆ ಶಾಸನದ ಮುಂದೆ ನಿಂತಾಗ ಅದು ಪರಕೀಯವೆನಿಸಲಿಲ್ಲ.

ಹಿಂದಿರುಗಿದ ಮೇಲೆ ಆ ಹುಡುಗನನ್ನು ಕರೆದು ನೋಡಿದ್ದನ್ನೆಲ್ಲ ಹೇಳಿದೆ. ವ್ಯಾಕರಣಗಳ ಪಟ್ಟಿಗೆ ಅವನು ತಲೆದೂಗಲಿಲ್ಲ. ಅನ್ನದ ಮಾತು ಬಂದಾಗ ಮಾತ್ರ ಕಣ್ಣರಳಿಸಿ, “ಅಷ್ಟು ಜನಕ್ಕೆ ಬಡಿಸುವ ಸರದಿ ಯಾರದು ಗುರುಗಳೇ?” ಎಂದನು. ಅವನೂ ನಮ್ಮ ನಿಲಯದ ಹುಡುಗ. ಆ ವಾರ ಬಡಿಸುವ ಸರದಿ ಅವನದಾಗಿತ್ತು.

“ಶಾಸನದಲ್ಲಿ ಅದನ್ನು ಬರೆಸಿಲ್ಲವಪ್ಪಾ,” ಎಂದೆ.