ನರ್ಸಮ್ಮನವರ ಮೊಬೈಲೂ ನಮ್ಮ ಸಹಕಾರವೂ



ಹಾಲಿನ ಸೊಸೈಟಿಯ ಯಂತ್ರದ ಮೇಲೆ ರೈತರಿಗೆ ಬೇಸರವಿಲ್ಲ. ಹಾಲು ಹಾಕಿದ ಕೂಡಲೇ ಫ್ಯಾಟ್ ಎಷ್ಟು, ಹಣ ಎಷ್ಟು ಎಂಬ ಚೀಟಿ ಕೈಗೆ ಬರುತ್ತದೆ. ಮನೆಮನೆಗೆ ಬರುವ ನರ್ಸಮ್ಮನವರ ಮೊಬೈಲನ್ನೂ ಇದೇ ಅಳತೆಯಿಂದ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಅವರು ಬರೆದದ್ದು ಅವರ ಕೆಲಸಕ್ಕೇ ಮರಳಿ ಒದಗುತ್ತದೆಯೇ?

2021ರ ಆಗಸ್ಟ್ 5ರಂದು ನಮ್ಮ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ತಮಿಳುನಾಡು ಸರಕಾರದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಆರಂಭವಾಯಿತು. ಜನರನ್ನು ಹುಡುಕಿಕೊಂಡು ಬರುವ ವೈದ್ಯಸೇವೆ ಎಂದು ಅದರ ಅರ್ಥ. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆಬಾಗಿಲಿಗೆ ತಲುಪಿಸಲು ಸ್ವಸಹಾಯ ಸಂಘಗಳ ಮಹಿಳೆಯರು ಸ್ವಯಂಸೇವಕಿಯರಾದರು. 2024ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಈ ಯೋಜನೆಗೆ ಸಂದಿತು. ಮಾತ್ರೆಯ ಚೀಲದೊಂದಿಗೆ ಮಾಹಿತಿಯನ್ನು ಆಪ್‌ಗೆ ಏರಿಸುವ ಕೆಲಸವೂ ಅವರ ಪಾಲಿಗೆ ಬಂತು. ಗ್ರಾಮ ಆರೋಗ್ಯ ನರ್ಸ್‌ಗಳಿಗೆ ಇದು ಹೊಸದಲ್ಲ. ಗರ್ಭಿಣಿಯರ ವಿವರಗಳನ್ನು ‘ಪಿಕ್ಮಿ’ ಎಂಬ ಕಂಪ್ಯೂಟರ್ ದಾಖಲೆಗೆ ಸೇರಿಸುವವರು ಅವರೇ. ಅಲ್ಲಿ ಸಿಗುವ 12 ಅಂಕಿಗಳ ಆರ್‌ಸಿಎಚ್ ಸಂಖ್ಯೆ ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ಸಹಾಯಧನಕ್ಕೂ ಬೇಕು.

ಇಂಥ ಸಾಧನಗಳಿಂದ ಕೆಲಸಗಾರರಿಗೆ ಸಂತೋಷವೋ, ಸಂಕಟವೋ? ಹಲವು ದೇಶಗಳ ಆರೋಗ್ಯ ಕಾರ್ಯಕರ್ತರ ಅನುಭವಗಳನ್ನು ಕೋಕ್ರೇನ್ ಸಂಸ್ಥೆ 2020ರಲ್ಲಿ ಒಟ್ಟುಗೂಡಿಸಿತು. ಎರಡೂ ಉತ್ತರಗಳು ಬಂದವು. ವೈದ್ಯರೊಡನೆ ಸಂಪರ್ಕ ಸುಲಭವಾಯಿತು, ಜನರ ಮುಂದೆ ಗೌರವ ಹೆಚ್ಚಿತು ಎಂದವರು ಕೆಲವರು. ಸಿಗ್ನಲ್ ಇಲ್ಲ, ಚಾರ್ಜ್ ಇಲ್ಲ, ಪುಸ್ತಕದಲ್ಲೂ ಮೊಬೈಲಿನಲ್ಲೂ ಎರಡು ಸಲ ಬರೆಯಬೇಕು ಎಂದು ನೊಂದವರು ಕೆಲವರು.

ಇದು ನಮಗೂ ಅರ್ಥವಾಗುವ ಮಾತೇ. ಈ ತಿಂಗಳು ಮಾತ್ರೆ ಪಡೆಯದವರು ಯಾರು ಎಂದು ಮೊಬೈಲ್ ತೋರಿಸಿದರೆ ನರ್ಸಮ್ಮ ನೇರವಾಗಿ ಆ ಮನೆಗೆ ಹೋಗಬಹುದು. ತನ್ನ ದುಡಿಮೆ ಫಲಿಸಿತೆಂಬ ತೃಪ್ತಿ ಅವರಿಗೆ ಸಿಗುತ್ತದೆ. ಅದೇ ಮಾಹಿತಿ ಮೇಲಿನ ಕಚೇರಿಗೆ ಹೋಗಿ ಅಲ್ಲಿಯೇ ಉಳಿದರೆ, ‘ಎಂಟ್ರಿ ಏಕೆ ಆಗಿಲ್ಲ’ ಎಂಬ ಪ್ರಶ್ನೆ ಮಾತ್ರ ಕೆಳಗೆ ಬಂದರೆ, ಉತ್ಸಾಹ ಬತ್ತುತ್ತದೆ. ಅಂಚೆಟ್ಟಿಯ ಬೆಟ್ಟದ ಹಳ್ಳಿಗಳಲ್ಲಿ ನಡೆದು ದಣಿದವರು ರಾತ್ರಿ ಮಕ್ಕಳಿಗೆ ಊಟ ಬಡಿಸಿ ಮತ್ತೆ ಮೊಬೈಲ್ ಹಿಡಿದು ಕೂರಬೇಕಾದರೆ ಅದು ಸೇವೆಗೆ ನೆರವಲ್ಲ, ಹೊರೆ. ಉತ್ಸಾಹ ಕಳೆದುಕೊಂಡ ನರ್ಸಮ್ಮ ಕೆಲಸ ಬಿಟ್ಟರೆ ನಷ್ಟ ನಮ್ಮ ಮನೆಯ ಬಾಣಂತಿಗೆ, ವೃದ್ಧರಿಗೆ.

ಈ ಸಾಧನಗಳು ಗಟ್ಟಿಯಾದ ಆರೋಗ್ಯ ವ್ಯವಸ್ಥೆಗೆ ಬದಲಿಯಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಎಚ್ಚರಿಸಿದೆ. ಆದ್ದರಿಂದ ಆಸ್ಪತ್ರೆ ನಡೆಸುವವರು, ನಮ್ಮ ಧರ್ಮಸಭೆಯ ಸಂಸ್ಥೆಗಳೂ ಸೇರಿದಂತೆ, ಮೊಬೈಲ್ ಕೊಟ್ಟಾಗ ಅದೇ ವಿವರದ ರಿಜಿಸ್ಟರನ್ನು ತೆಗೆದುಹಾಕಬೇಕು. ತರಬೇತಿಯನ್ನು ಕೆಲಸದ ವೇಳೆಯಲ್ಲೇ ಕೊಡಬೇಕು. ರೀಚಾರ್ಜ್ ಹಣವನ್ನು ಸಂಬಳದಿಂದ ಹೋಗಗೊಡಬಾರದು.

ನಾವು ಮಾಡಬಹುದಾದದ್ದು:

1. ನರ್ಸಮ್ಮ ಬರುವ ದಿನ ಆಧಾರ್, ತಾಯಿ ಕಾರ್ಡು, ಮಾತ್ರೆಯ ಚೀಟಿಗಳನ್ನು ಒಂದೇ ಚೀಲದಲ್ಲಿ ಸಿದ್ಧವಾಗಿಡೋಣ.

2. ಮೊಬೈಲ್ ನಂಬರ್ ಬದಲಾದರೆ ತಿಳಿಸೋಣ.

3. ಆರ್‌ಸಿಎಚ್ ಸಂಖ್ಯೆಯನ್ನು ಮನೆಯ ಇಬ್ಬರಾದರೂ ಬರೆದಿಟ್ಟುಕೊಳ್ಳಲಿ.

4. ನಮ್ಮ ಹಿರಿಯರು ಕನ್ನಡದಲ್ಲಿ ಹೇಳುವುದು ಅವರಿಗೆ ತಿಳಿಯದಿದ್ದರೆ ಓದಿದ ಮಕ್ಕಳು ಪಕ್ಕದಲ್ಲಿ ನಿಂತು ತಮಿಳಿನಲ್ಲಿ ಹೇಳಲಿ.

5. ಫೋನ್ ನೋಡುತ್ತಾ ಕೂತಿದ್ದಾರೆಂದು ಗದರದೆ, ಕುಡಿಯಲು ನೀರು ಕೊಟ್ಟು ಚಾರ್ಜ್ ಹಾಕಲು ಜಾಗ ತೋರಿಸೋಣ.

ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ರೋಗಿಗಳ ವಿಶ್ವ ದಿನವನ್ನು ಸ್ಥಾಪಿಸಿದರು. ಫೆಬ್ರವರಿ 11ರ ಬಲಿಪೂಜೆಯಲ್ಲಿ ರೋಗಿಗಳೊಂದಿಗೆ ಅವರನ್ನು ಆರೈಕೆ ಮಾಡುವವರಿಗಾಗಿಯೂ ಪ್ರಾರ್ಥಿಸುತ್ತೇವೆ. ಆ ದಿನ ನಿಮ್ಮ ಬೀದಿಯ ನರ್ಸಮ್ಮನವರನ್ನು, ಅವರು ಯಾವ ಮತದವರೇ ಆಗಿರಲಿ, ಹೆಸರು ಹಿಡಿದು ನೆನೆಯಿರಿ.